ದಾಮೋದರದ ಮೇಲೆ ತಂತಿಯ ದಾರಿ

ಈ ಊರು ನನ್ನನ್ನು ಬರಮಾಡಿಕೊಂಡದ್ದು ತಲೆಯ ಮೇಲೆ ಹಸಿ ಮರಳು ಸುರಿದು. ಹುಬ್ಬಳ್ಳಿಯಿಂದ ರೈಲು ಬದಲಿಸುತ್ತ ಬದಲಿಸುತ್ತ ಬಂದಿಳಿದು, ಟ್ರಂಕು ಹೊತ್ತ ಹಮಾಲನ ಹಿಂದೆ ನಡೆಯುತ್ತಿದ್ದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಧೊಪ್ಪನೆ ಏನೋ ಸೆರಗಿನ ಮೇಲೆ ಬಿತ್ತು, ಕೂದಲೊಳಗೆ ತಣ್ಣಗೆ ನೀರು ಇಳಿಯಿತು. ತಲೆಯೆತ್ತಿ ನೋಡಿದರೆ ಕಬ್ಬಿಣದ ತೊಟ್ಟಿಗಳು ತಂತಿಗೆ ಜೋತುಬಿದ್ದು, ಒಂದರ ಹಿಂದೊಂದು, ಮನೆಗಳ ಮೇಲೆ, ಗುಡಿಯ ಮೇಲೆ, ಸಂತೆಯ ಮೇಲೆ ನೀರು ಸುರಿಸುತ್ತ ಹಾದುಹೋಗುತ್ತಿದ್ದವು. ದಾರಿಯಲ್ಲಿದ್ದವರು ಯಾರೂ ಮೇಲೆ ನೋಡುತ್ತಿರಲಿಲ್ಲ.

"ಅಂಜಬ್ಯಾಡ," ಅಂದರು ನಮ್ಮವರು. "ಇದು ಮರಳಿನ ಸಾಲು. ಮಂದಿ ಹೋಗೂ ಡಬ್ಬಿ ಅತ್ತಾಗ ಐತಿ, ನದೀ ಮ್ಯಾಲ. ಅದನ್ನ ನಡಸಾಂವ ನಾನ."

ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ; ನಮ್ಮವರು ಎಂದೇ ಬರೆಯುತ್ತೇನೆ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಅವರು ಕ್ರೇನ್ ನಡೆಸುತ್ತಿದ್ದರು, ಹರಿದ ಉಕ್ಕಿನ ಹಗ್ಗವನ್ನು ಎಳೆ ಎಳೆಯಾಗಿ ಹೆಣೆದು ಕೂಡಿಸುತ್ತಿದ್ದರು. ಅವರ ಕೆಲಸ ನೋಡಿದ್ದ ಸಾಹೇಬನೊಬ್ಬ ಬಂಗಾಲದ ಈ ಕಲ್ಲಿದ್ದಲ ಊರಿಗೆ ಬಂದು ನೆಲೆಸಿ, ಇವರನ್ನೂ ಕರೆಸಿಕೊಂಡ. ನಾನು ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಬಾಣಂತಿಯರ ಮನೆ ತಿರುಗುತ್ತಿದ್ದ ನರ್ಸಬಾಯಿ. ನನಗೂ ಇಲ್ಲಿಯ ಕಂಪನಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಆಸ್ಪತ್ರೆ ಇರುವುದು ನದಿಯ ಆಚೆ ದಡದಲ್ಲಿ, ಸಾಹೇಬರ ಬಂಗಲೆಗಳ ಪಕ್ಕ, ಗಣಿಯ ಹೊಗೆ ಮುಟ್ಟದ ದಿಬ್ಬದ ಮೇಲೆ. ಗಣಿಗಳು, ಪೇಟೆ, ಬಡವರ ಮನೆಗಳು ಎಲ್ಲ ಈಚೆ ದಡದಲ್ಲಿ.

ಕೆರೆ, ಬಾವಿಗಳ ಊರಿನಲ್ಲಿ ಬೆಳೆದ ನಮಗೆ ನದಿಯೆಂದರೆ ಏನೆಂದು ಗೊತ್ತಿರಲಿಲ್ಲ. ದಾಮೋದರ ಬೇಸಿಗೆಯಲ್ಲಿ ಬರೀ ಮರಳು, ನಡುವೆ ಮೊಣಕಾಲುದ್ದ ನೀರು. ಮಳೆಗಾಲದಲ್ಲಿ ಅದೇ ನದಿ ಮರ, ದನ, ಗುಡಿಸಲ ಸೂರು ಎಲ್ಲವನ್ನೂ ಹೊತ್ತು ಕೆಂಪಗೆ ಉರುಳುತ್ತದೆ. ಕಲ್ಲಿದ್ದಲು ತೆಗೆದ ಮೇಲೆ ನೆಲದೊಳಗೆ ಪೊಳ್ಳು ಉಳಿಯುತ್ತದಂತೆ. ಅದನ್ನು ತುಂಬದಿದ್ದರೆ ಮೇಲಿನ ಊರು ಕುಸಿಯುತ್ತದೆ. ತುಂಬಲು ನದಿಯ ಮರಳೇ ಬೇಕು. ಅದಕ್ಕಾಗಿ ಮೊದಲು ಮರಳಿನ ತೊಟ್ಟಿಗಳ ತಂತಿ ಬಂತು. ದಿನಾ ಗಣಿಗೆ ಬಂದುಹೋಗುವ ಸಾಹೇಬರಿಗೆ ದೋಣಿಯಲ್ಲಿ ಬೂಟು ತೋಯಿಸಿಕೊಳ್ಳುವುದು ಬೇಸರವಾಗಿ, ಆಮೇಲೆ ಮನುಷ್ಯರ ಡಬ್ಬಿಗಳೂ ಬಂದವು. ಸೇತುವೆ ಕಟ್ಟುತ್ತೇವೆಂದು ಊರಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

ಡಬ್ಬಿಗಳು ಎರಡು. ದಪ್ಪನೆಯ ತಂತಿ ಅವುಗಳ ಹಾದಿ, ಅದು ಅಲುಗುವುದಿಲ್ಲ. ತೆಳ್ಳನೆಯ ಇನ್ನೊಂದು ಹಗ್ಗ ಅವನ್ನು ಎಳೆಯುತ್ತದೆ. ಇಲ್ಲಿಂದ ಒಂದು ಹೊರಟರೆ ಅಲ್ಲಿಂದ ಇನ್ನೊಂದು ಹೊರಡಲೇಬೇಕು, ಒಂದರ ಭಾರವೇ ಇನ್ನೊಂದಕ್ಕೆ ಬಲ. ನಮ್ಮ ಬಾವಿಯ ರಾಟೆಗೆ ಎರಡು ತುದಿಗೂ ಕೊಡ ಕಟ್ಟಿದ ಹಾಗೆ. ಆಚೆ ದಡದಿಂದ ಗಂಟೆ ಬಾರಿಸಿದರೆ ನಮ್ಮವರು ಈಚೆ ಎಂಜಿನ್ ಮನೆಯಲ್ಲಿ ಕುಳಿತು ಚಕ್ರ ಬಿಡುತ್ತಾರೆ. ನಡುನದಿಯಲ್ಲಿ ತಂತಿ ಜಗ್ಗಿ ಡಬ್ಬಿಗಳು ನೀರಿಗೆ ಹತ್ತಿರವಾಗುತ್ತವೆ. ಮೊದಲ ದಿನ ಅಲ್ಲಿ ನಾನು ಎರಡೂ ಕೈಯಿಂದ ಸರಳು ಹಿಡಿದು ಕಣ್ಣು ಮುಚ್ಚಿಕೊಂಡೆ. ತಿಂಗಳು ಕಳೆಯುವುದರೊಳಗೆ ನಾನು ಅದೇ ಜಾಗದಲ್ಲಿ ಹೆರಳು ಸರಿಮಾಡಿಕೊಳ್ಳುತ್ತಿದ್ದೆ.

ಮನೆ ಸಿಕ್ಕದ್ದು ಈಚೆ ದಡದ ದೋಣಿಯವರ ಕೇರಿಯಲ್ಲಿ. ಖಿರೋದಾ ಎಂಬ ಹೆಂಗಸು ಒಂದು ಕೋಣೆ ಬಾಡಿಗೆಗೆ ಕೊಟ್ಟಳು. ಎಲ್ಲರೂ ಅವಳನ್ನು ಮಾಶಿ ಎನ್ನುತ್ತಿದ್ದರು. ಮಾಶಿ ಎಂದರೆ ತಾಯಿಯ ತಂಗಿ, ನಮ್ಮ ಹುಬ್ಬಳ್ಳಿಯ ಮರಾಠಿ ಮನೆಗಳ ಮಾವಶಿ. ಅಷ್ಟು ದೂರದಲ್ಲಿ ಆ ಒಂದು ಮಾತು ಕಿವಿಗೆ ಬಿದ್ದಾಗ ಗೋಡೆಗೆ ಒರಗಿ ಅತ್ತೆ. ಅವಳೂ ಕಾರಣ ಕೇಳದೆ ಪಕ್ಕದಲ್ಲಿ ಕುಳಿತಳು. ನಾನು ಅವಳ ಭಾಷೆ ಕಲಿತದ್ದು ಹಾಗೆ ಪಕ್ಕದಲ್ಲಿ ಕುಳಿತೇ. ಅವಳು ಬಂಗಾಲಿಯಲ್ಲಿ ಹೇಳಿದ್ದು ನನಗೆ ನಮ್ಮ ಓಣಿಯ ಮಾತಾಗಿಯೇ ಕೇಳಿಸುತ್ತಿತ್ತು. ಇಲ್ಲಿ ಹಾಗೆಯೇ ಬರೆಯುತ್ತೇನೆ.

ನಾನು ಮೀನು ತಿನ್ನುವವಳಲ್ಲ. ಸಾಸಿವೆ ಎಣ್ಣೆಯಲ್ಲಿ ಮೀನು ಬೇಯುವ ವಾಸನೆಗೆ ಮೊದಮೊದಲು ಊಟವೇ ಸೇರುತ್ತಿರಲಿಲ್ಲ. ಅವಳು ನನಗಾಗಿ ಒಂದು ಬೋಗುಣಿ ಬೇರೆ ಇಟ್ಟು, ಅದರಲ್ಲಿ ಬರೀ ಬೇಳೆ ಬೇಯಿಸಿದಳು. ಊರಿನಿಂದ ತಂದ ಜೋಳದ ಹಿಟ್ಟಿನಲ್ಲಿ ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಕೇರಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದರು. ಮಾಶಿ ಒಂದು ತುಂಡು ಅಗಿದು ಅಗಿದು ನುಂಗಿ, "ನಿಮ್ಮೂರಾಗ ಹಲ್ಲು ಬಾಳ ಗಟ್ಟಿ ಇರ್ಬೇಕಲ್ಲ," ಅಂದಳು.

ಅವಳ ಗಂಡ ಹರೇನ್ ಮಾಝಿ. ಮಾಝಿ ಎಂದರೆ ಅಂಬಿಗ. ಅವನ ಅಜ್ಜನ ಕಾಲದಿಂದಲೂ ಈ ಘಾಟಿನಲ್ಲಿ, ಅಂದರೆ ದೋಣಿ ಕಟ್ಟೆಯಲ್ಲಿ, ಜನರನ್ನು ದಾಟಿಸುವ ಕೆಲಸ ಆ ಮನೆಯದು. ಡಬ್ಬಿ ಬಂದ ಮೇಲೆ ಕಂಪನಿ ಘಾಟನ್ನು ಗುತ್ತಿಗೆ ಹಿಡಿದು ಮುಚ್ಚಿಸಿತು. ಮೀನು ಹಿಡಿಯಲು ದೋಣಿ ಇಟ್ಟುಕೊಳ್ಳಬಹುದು, ಮನುಷ್ಯರನ್ನು ಹತ್ತಿಸಬಾರದು ಎಂದು ಅಪ್ಪಣೆಯಾಯಿತು. ನಮಗೆ ಆ ಕೋಣೆ ಸಿಕ್ಕದ್ದೇ ಅವರ ಸಂಪಾದನೆ ನಿಂತದ್ದರಿಂದ. ನಮ್ಮವರ ಕೆಲಸ ಏನೆಂದು ಅವರಿಗೆ ಮೊದಲ ದಿನವೇ ಗೊತ್ತಿತ್ತು. ನಾನು ಒಮ್ಮೆ ಸಂಕೋಚದಿಂದ ಆ ಮಾತು ತೆಗೆದೆ.

"ಆ ತಂತಿ ನೀವ ತಂದಿದ್ದೇನು?" ಅಂದಳು ಮಾಶಿ. "ನೀವು ಹೊಟ್ಟಿಪಾಡಿಗೆ ಬಂದಾವ್ರು. ಬಾ, ಬ್ಯಾಳಿ ಆರತೈತಿ."

ಡಬ್ಬಿಗೆ ಒಂದು ನಿಯಮವಿತ್ತು: ಬರಿಗಾಲಿನವರನ್ನು ಹತ್ತಿಸಬಾರದು. ಗಣಿಯ ಕೂಲಿಗೆ ಕಾಲಲ್ಲಿ ಚಪ್ಪಲಿ ಎಲ್ಲಿಂದ ಬರಬೇಕು? ಆಸ್ಪತ್ರೆಗೆ ಹೋಗಬೇಕಾದವನು ಜ್ವರ ಹೊತ್ತುಕೊಂಡು ದೂರದ ರೈಲು ಸೇತುವೆಯವರೆಗೆ ನಡೆದು ಸುತ್ತಿ ಬರಬೇಕು. ಇದನ್ನು ಕಂಡ ಒಬ್ಬ ಚಾಣಾಕ್ಷ ಟಿಕೆಟ್ ಕಟ್ಟೆಯ ಬಳಿ ಹಳೇ ಚಪ್ಪಲಿಗಳ ರಾಶಿ ಹಾಕಿಕೊಂಡು ಕುಳಿತ. ಈಚೆ ಬಾಡಿಗೆಗೆ ಹಾಕಿಕೊಂಡು ಹತ್ತುವುದು, ಆಚೆ ಇಳಿದು ಅವನ ತಮ್ಮನಿಗೆ ಒಪ್ಪಿಸುವುದು. ಪ್ರಸವ ವೇದನೆಯಲ್ಲಿದ್ದ ಒಬ್ಬಳು ಎರಡೂ ಎಡಗಾಲಿನ ಚಪ್ಪಲಿ ಮೆಟ್ಟಿಕೊಂಡು ನನ್ನ ಭುಜ ಹಿಡಿದು ಡಬ್ಬಿ ಹತ್ತಿದ್ದನ್ನು ನೋಡಿದ್ದೇನೆ. ಟಿಕೆಟ್ಟಿನವನು ಅವಳ ಮುಖ ನೋಡಲಿಲ್ಲ, ಪಾದ ನೋಡಿ ಒಳಗೆ ಬಿಟ್ಟ. ನಮ್ಮ ಹುಬ್ಬಳ್ಳಿಯಲ್ಲಿ ಮೇಲು ಕೀಳು ಇಲ್ಲವೆಂದಲ್ಲ. ಆದರೆ ಹೆರುವವಳ ಕಾಲು ನೋಡಿ ದಾರಿ ಬಿಡುವುದನ್ನು ನಾನು ಕಂಡದ್ದು ಇಲ್ಲಿಯೇ.

ಎರಡನೆಯ ಮಳೆಗಾಲದಲ್ಲಿ ಆದದ್ದನ್ನು ಹೇಳಬೇಕು. ಮಧ್ಯಾಹ್ನ ಆಸ್ಪತ್ರೆಯಿಂದ ಹೊರಟಿದ್ದೆ. ಡಬ್ಬಿಯಲ್ಲಿ ಒಬ್ಬ ಗುಮಾಸ್ತ, ಒಬ್ಬ ಜವಳಿ ವ್ಯಾಪಾರಿ, ಕಂಕುಳಲ್ಲಿ ಕೂಸಿದ್ದ ಅವನ ಹೆಂಡತಿ. ನಡುನದಿಗೆ ಬರುವಾಗ ಗಾಳಿ ಎದ್ದಿತು. ಮೇಲೆ ಏನೋ ಕಿರ್ರೆಂದು ಜಾರಿದ ಸದ್ದಾಗಿ ಡಬ್ಬಿ ಒಂದು ಕಡೆಗೆ ವಾಲಿ ನಿಂತುಬಿಟ್ಟಿತು. ಎಳೆಯುವ ಹಗ್ಗ ಗಾಲಿಯಿಂದ ಕಳಚಿ ಹರಿದಿತ್ತು. ಎದುರಿನಿಂದ ಬರುತ್ತಿದ್ದ ಡಬ್ಬಿಯಲ್ಲಿ ಆ ಹೊತ್ತು ಯಾರೂ ಇರಲಿಲ್ಲ. ನೀರು ಏರುತ್ತಲೇ ಇತ್ತು. ತೇಲಿಬಂದ ಮರವೊಂದರ ಮೇಲೆದ್ದ ಕೊಂಬೆ ಡಬ್ಬಿಯ ತಳಕ್ಕೆ ಬಡಿದಾಗ ಗುಮಾಸ್ತ ನನ್ನ ಕೈ ಹಿಡಿದುಕೊಂಡ, ಬಿಡಲೇ ಇಲ್ಲ. ಈಚೆ ದಡದಲ್ಲಿ ನಮ್ಮವರು ಎಂಜಿನ್ ಮನೆಯಿಂದ ಓಡಿ ಹೊರಗೆ ಬಂದದ್ದು, ಮತ್ತೆ ಒಳಗೆ ಓಡಿದ್ದು ಕಾಣಿಸಿತು.

ಹರೇನ್ ಮಾಝಿ ದೋಣಿ ಬಿಟ್ಟದ್ದು ಮೇಲ್ಗಡೆಯ ತಿರುವಿನಿಂದ. ಪ್ರವಾಹಕ್ಕೆ ಎದುರಾಗಿ ಬರಲಿಲ್ಲ, ಅದರ ಜೊತೆಗೇ ಜಾರುತ್ತ ಬಂದು, ನದಿಯಲ್ಲಿ ನಿಂತ ತಂತಿಕಂಬದ ಕಲ್ಲುಕಟ್ಟೆಗೆ ಹಗ್ಗ ಎಸೆದು, ನಮ್ಮ ಕೆಳಗೆ ದೋಣಿ ನಿಲ್ಲಿಸಿದ. ವ್ಯಾಪಾರಿಯ ಗಂಟಿನ ಧೋತರಗಳನ್ನು ಕಟ್ಟಿ ಇಳಿಬಿಟ್ಟೆವು. ಕೂಸನ್ನು ನಾನು ಎದೆಗೆ ಬಿಗಿದುಕೊಂಡು ಇಳಿದೆ. ಅವನು ನನ್ನ ಕಾಲು ಹಿಡಿದು ದೋಣಿಯಲ್ಲಿ ಊರಿಸಿದ. ಎಲ್ಲರೂ ದಡ ಸೇರಿದೆವು. ಮಾಶಿ ಗಂಡನನ್ನು ಬೈಯುತ್ತ ಅವನ ತಲೆ ಒರೆಸಿದಳು. ಸಂಜೆಯ ಹೊತ್ತಿಗೆ ನಾವು ಇಳಿದುಬಂದ ಡಬ್ಬಿಯ ಕೆಳಭಾಗ ನೀರಿನಲ್ಲಿ ಮುಳುಗಿತ್ತು.

ವಾರದೊಳಗೆ ವಿಚಾರಣೆ ನಡೆಯಿತು. ಡಬ್ಬಿಯಲ್ಲಿ ದೋಷವಿತ್ತೆಂದು ಊರಿನಲ್ಲಿ ಸುದ್ದಿಯಾಗುವುದು ಕಂಪನಿಗೆ ಬೇಕಿರಲಿಲ್ಲ. ಡಬ್ಬಿಗೆ ಅಪಾಯವೇ ಇರಲಿಲ್ಲ, ಮಾಝಿ ಆಸೆಬುರುಕತನದಿಂದ ಜನರನ್ನು ಹೆದರಿಸಿ ಪ್ರವಾಹಕ್ಕೆ ಇಳಿಸಿದ, ಮುಚ್ಚಿದ ಘಾಟಿನಲ್ಲಿ ಕಾನೂನು ಮುರಿದು ದೋಣಿ ನಡೆಸಿದ ಎಂದು ಕಂಪನಿಯವರು ಹೇಳಿದರು. ಅವರು ಕರೆಯದಿದ್ದರೂ ನಾನು ಹೋಗಿ, ಕಂಡದ್ದನ್ನು ಕಂಡಂತೆ ಹೇಳಿದೆ. ವಿಚಾರಣೆ ನಡೆಸಿದ ಸಾಹೇಬ ಸೌಜನ್ಯದಿಂದ ಕೇಳಿಸಿಕೊಂಡು, ಹೆಂಗಸರಿಗೆ ನೀರು ಕಂಡರೆ ಗಾಬರಿಯಾಗುವುದು ಸಹಜ ಎಂದ. ಗುಮಾಸ್ತ ಏನೂ ನೆನಪಿಲ್ಲ ಎಂದ. ಕೊನೆಗೆ ನಮ್ಮವರನ್ನು ಕರೆದರು. ಮಾಝಿ ಬರದಿದ್ದರೂ ಸ್ವಲ್ಪ ಹೊತ್ತಿನಲ್ಲಿ ಹಗ್ಗ ಕೂಡಿಸಿ ಡಬ್ಬಿಯನ್ನು ಎಳೆದುಕೊಳ್ಳುತ್ತಿದ್ದೆ ಎಂದು ನಮ್ಮವರು ಹೇಳಿದರು.

ಮನೆಗೆ ಬಂದು ತಾಟಿನ ಮುಂದೆ ಕುಳಿತಾಗ ಕೇಳಿದೆ.

"ಹಂಗ್ಯಾಕ ಹೇಳಿದ್ರಿ?"

"ಮತ್ತೇನ ಹೇಳ್ಲಿ? ಹಗ್ಗ ಕೂಡ್ಸಾಕ ಆಗ್ತಿರ್ಲಿಲ್ಲ ಅಂದ್ರ ತಪ್ಪು ನನ್ನ ಮ್ಯಾಲ ಬರತೈತಿ. ಕೆಲಸ ಹೋದ್ರ ಹುಬ್ಬಳ್ಳಿಗೆ ಯಾವ ಮಾರಿ ತಗೊಂಡು ಹೋಗೋದು?"

"ನಾ ಆ ಡಬ್ಬ್ಯಾಗ ಇದ್ದೆ ರೀ."

"ಗೊತ್ತೈತಿ."

"ನೀರು ಏರಾಕತ್ತಿತ್ತು."

"ಗೊತ್ತೈತಿ ಅಂದ್ನೆಲ್ಲ. ಅಂವಾ ನಿನ್ನ ಇಳಿಸೂತನಕ ಹಗ್ಗದ ಒಂದು ಎಳೀನೂ ಕೂಡ್ಸಾಕ ಆಗ್ಲಿಲ್ಲ ನನಗ." ಅವರು ತುತ್ತು ಕಲಸಿದರು, ಬಾಯಿಗೆ ಇಡಲಿಲ್ಲ.

ದೋಣಿಯನ್ನು ಜಪ್ತಿ ಮಾಡಿದರು. ಆಚೆ ದಡಕ್ಕೆ ಎಳೆದೊಯ್ದು, ಸಾಹೇಬರ ಕ್ಲಬ್ಬಿನ ಅಂಗಳದಲ್ಲಿ ಇಟ್ಟು, ಒಳಗೆ ಮಣ್ಣು ತುಂಬಿ ಹೂವಿನ ಸಸಿ ನೆಟ್ಟರು. ಆಸ್ಪತ್ರೆಗೆ ಹೋಗುವ ದಾರಿ ಅದರ ಪಕ್ಕದಲ್ಲೇ ಇದೆ. ಹರೇನ್ ಮಾಝಿ ಕಲಕತ್ತೆಯ ಸೆಣಬಿನ ಗಿರಣಿಗೆ ಕೂಲಿ ಹುಡುಕಿ ಹೋದ, ಇಂದಿಗೂ ಮರಳಿಲ್ಲ. ಮಾಶಿ ಜಗಳ ಮಾಡಲಿಲ್ಲ. ನನಗೆಂದು ಬೇರೆ ಇಟ್ಟಿದ್ದ ಬೋಗುಣಿಯನ್ನು ತೊಳೆದು ನಮ್ಮ ಕೋಣೆಯ ಬಾಗಿಲಲ್ಲಿ ಇಟ್ಟಳು. ಖಾಲಿ ಮಾಡಿ ಎಂದು ಹೇಳುವ ಅಗತ್ಯ ಉಳಿಯಲಿಲ್ಲ. ಕಂಪನಿ ನಮಗೆ ಆಚೆ ದಡದಲ್ಲಿ ಮನೆ ಕೊಟ್ಟಿತು. ನಲ್ಲಿಯಲ್ಲಿ ನೀರು ಬರುತ್ತದೆ, ಹಿತ್ತಲಿದೆ, ಯಾರೂ ಮೀನು ಬೇಯಿಸುವುದಿಲ್ಲ.

ಆ ಚಳಿಗಾಲದಲ್ಲಿ ಹುಬ್ಬಳ್ಳಿಗೆ ಹೋಗಿದ್ದೆ. ದುರ್ಗದಬೈಲಿನಲ್ಲಿ ಬಳೆ ಇಡಿಸಿಕೊಂಡೆ, ಬಿಸಿ ರೊಟ್ಟಿ ತಿಂದೆ, ಸುತ್ತಲೂ ನಮ್ಮ ಭಾಷೆ ಕೇಳಿ ಮೈ ಹಗುರಾಯಿತು. ಡಬ್ಬಿಯ ಸುದ್ದಿ ಕೇಳಲು ಓಣಿಯವರೆಲ್ಲ ನಮ್ಮ ಕಟ್ಟೆಗೆ ಬಂದರು.

"ಗಾಳ್ಯಾಗ ಕುಂತು ಹೊಳಿ ದಾಟೂದಂದ್ರ ಹೆಂಗ ಅನಸತೈತವ್ವಾ?" ಎಂದು ನಮ್ಮ ಕಾಕಾ ಕೇಳಿದರು.

"ಛಲೋ ಅನಸತೈತಿ ಕಾಕಾ," ಅಂದೆ. "ಕೆಳಗ ದೋಣಿ ನಡಸಾವ್ರು ಇದ್ರು, ಅವರ ಹೊಟ್ಟಿಮ್ಯಾಲ ಬಡದ್ರು."

"ಹೊಸಾದು ಬಂದ್ರ ಹಳೇದು ಹೋಗೋದ ಬಿಡು," ಅಂದರು ಅವರು. "ನಿನ್ನ ಗಂಡ ಅದನ್ನ ನಡಸ್ತಾನಂದ್ರ ನಮ್ಮ ಓಣಿಗೆ ಮಾನ."

ಎಲ್ಲರೂ ಹೌದೆಂದು ತಲೆದೂಗಿದರು. ಹೊರಡುವ ದಿನ ಅವ್ವ ಬುತ್ತಿ ಕಟ್ಟುತ್ತ, "ನಿಮ್ಮೂರು ಮುಟ್ಟಿದ ಮ್ಯಾಲ ಲಗೂನ ಪತ್ರಾ ಹಾಕವಾ," ಅಂದಳು. ನಿಮ್ಮೂರು ಎಂದು ಅವಳು ಅಂದದ್ದು ಅದೇ ಮೊದಲು. ಅವಳಿಗೆ ಅದರ ಅರಿವೂ ಇರಲಿಲ್ಲ.

ಮೊದಲು ಹೊತ್ತಲ್ಲದ ಹೊತ್ತಿನಲ್ಲೂ ಕರೆಯುತ್ತಿದ್ದ ದೋಣಿಯವರ ಕೇರಿಯಿಂದ, ಮರಳಿ ಬಂದ ಮೇಲೆ ಯಾರೂ ನನ್ನನ್ನು ಹೆರಿಗೆಗೆ ಕರೆಯಲಿಲ್ಲ. ನಾವು ಕೇರಿ ಬಿಟ್ಟ ಮೇಲೆ ಮಾಶಿಯ ಮನೆಗೆ ಬಂದಿದ್ದ ಸೊಸೆಗೆ ಕಳೆದ ತಿಂಗಳು ಕೂಸು ಅಡ್ಡಲಾಗಿತ್ತು. ಬೇರೆ ದಾರಿ ಕಾಣದೆ ಕರೆ ಕಳಿಸಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಕೋಣೆಯಲ್ಲಿ, ನಾನು ಒರಗಿ ಅತ್ತ ಅದೇ ಗೋಡೆಯ ಪಕ್ಕ, ಇಬ್ಬರೂ ಒಂದೇ ಕೆಲಸಕ್ಕೆ ಕೈ ಹಚ್ಚಿದೆವು. ಬಿಸಿನೀರು ಎಂದರೆ ಬಿಸಿನೀರು ಕೊಟ್ಟಳು, ಬಟ್ಟೆ ಎಂದರೆ ಬಟ್ಟೆ. ಹೆಣ್ಣುಕೂಸು ಅತ್ತಿತು, ತಾಯಿಯೂ ಉಳಿದಳು. ಮಾಶಿಯ ಕಣ್ಣು ತುಂಬಿತ್ತು. ಈಗ ಮಾತಾಡಿಯಾಳು ಎಂದು ಕಾದೆ.

ಸೊಸೆಯ ತವರಿನಿಂದ ಬಂದ ಮುದುಕಿ, ಇವಳು ಯಾರು ಎಂದು ಕೇಳಿದಳು.

"ಓಪಾರೆರ್ ದಾಯಿ," ಅಂದಳು ಮಾಶಿ. ಆಚೆ ದಡದ ಸೂಲಗಿತ್ತಿ.

ಕೈ ತೊಳೆದು ಹೊರಗೆ ಬಂದಾಗ ಹೊಸ್ತಿಲಲ್ಲಿ ಮೊರ ಇಟ್ಟಿದ್ದಳು. ಅದರಲ್ಲಿ ಅಕ್ಕಿ, ಅರಿಸಿನ, ಮಡಿಸಿದ ಹೊಸ ಬಟ್ಟೆ. ಹೊರಗಿನ ಸೂಲಗಿತ್ತಿಗೆ ಕೊಡುವ ಪದ್ಧತಿಯ ಕೂಲಿ, ಏನೂ ಕಡಿಮೆಯಿರಲಿಲ್ಲ. ಅವಳು ಬಾಗಿಲ ಒಳಗೆ ನಿಂತಿದ್ದಳು. ಬೇಡ ಎನ್ನಲು ಬಾಯಿ ತೆರೆದೆ. ಹಾಗೆ ಬೇಡ ಎನ್ನುವ ಸಲುಗೆ ಮನೆಯವರದು ಮಾತ್ರ. ಎರಡೂ ಕೈಯಿಂದ ಮೊರ ಎತ್ತಿಕೊಂಡು ಡಬ್ಬಿಯ ಕಡೆಗೆ ನಡೆದೆ.