ಹಗೇದ ಮನೆತನ ಹೆಂಗ?

ನನಗೊಂದು ಚಟವಿದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಮೊಬೈಲು ತೆಗೆದು, ನಿನ್ನೆ ನನ್ನ ವೆಬ್‌ಸೈಟಿಗೆ ಎಷ್ಟು ಜನ ಬಂದು ಹೋದರು ಎಂದು ನೋಡುತ್ತೇನೆ. ಹನ್ನೆರಡು ಜನ ಬಂದಿದ್ದರೆ ಅಂದಿನ ಚಹಾಕ್ಕೆ ಸಕ್ಕರೆ ಹದವಾಗಿ ಬೀಳುತ್ತದೆ. ಮೂವರೇ ಬಂದಿದ್ದರೆ ಮನೆಯವರು ಏನು ಕೇಳಿದರೂ ಗಿಡ್ಡ ಉತ್ತರ. “ಇವತ್ತ ಎಷ್ಟು ಮಂದಿ?” ಎಂದು ಅವರು ಬಚ್ಚಲಿನಿಂದಲೇ ಕೇಳುತ್ತಾರೆ, ಎಮ್ಮೆ ಎಷ್ಟು ಹಾಲು ಕೊಟ್ಟಿತು ಎಂದು ಕೇಳುವ ದನಿಯಲ್ಲಿ. ಐವತ್ತು ದಾಟಿದ ಹೆಂಗಸಿಗೆ ಇಂಥ ಚಟ ಶೋಭೆಯಲ್ಲ. ಆದರೆ ಇವತ್ತು ಹೇಳಿಕೊಳ್ಳಬೇಕಾದದ್ದು ಇದಕ್ಕಿಂತ ಕೆಟ್ಟದ್ದಿದೆ, ಆದ್ದರಿಂದ ಸಣ್ಣದರಿಂದ ಶುರು ಮಾಡಿದ್ದೇನೆ.

ನಾನು ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಪಂಚಾಯ್ತಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಊರಿನವರು ‘ಲೈಬ್ರರಿ ಅಕ್ಕಾರು’ ಎನ್ನುತ್ತಾರೆ. ನನ್ನ ಓದುಗರಲ್ಲಿ ಮೂವರು ಪೇಪರಿಗಾಗಿ ಬರುತ್ತಾರೆ, ಇಬ್ಬರು ಫ್ಯಾನಿಗಾಗಿ ಬರುತ್ತಾರೆ. ಕರೆಂಟು ಹೋದರೆ ಓದುಗರ ಸಂಖ್ಯೆ ಮೂರಕ್ಕಿಳಿಯುತ್ತದೆ. ದಿನವಿಡೀ ಪುಸ್ತಕಗಳ ನಡುವೆ ಕುಳಿತವಳಿಗೆ ತಾನೂ ಏನಾದರೂ ಬರೆಯಬೇಕು ಎನ್ನಿಸುವುದು ಸಹಜ, ಮಿಠಾಯಿ ಅಂಗಡಿಯವನು ಒಂದು ಪೇಡೆ ಬಾಯಿಗೆ ಹಾಕಿಕೊಂಡಂತೆ. ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ನಾನೇ ಒಂದು ವೆಬ್‌ಸೈಟು ಕಟ್ಟಿದೆ. ರೊಟ್ಟಿ, ಹತ್ತಿ, ನಿದ್ದೆ, ಸಿಟ್ಟು ಎಂದು ಮನಸ್ಸಿಗೆ ಬಂದ ವಿಷಯದ ಮೇಲೆ ಬರೆದು ಹಾಕತೊಡಗಿದೆ.

ಆ ವೆಬ್‌ಸೈಟಿಗೆ ಒಂದು ಊನವಿತ್ತು. ಯಾವ ಪುಟಕ್ಕೆ ಎಷ್ಟು ಜನ, ಯಾವ ಕಡೆಯಿಂದ ಬಂದರು ಎಂದು ಅದು ಹೇಳುತ್ತಿತ್ತು, ಏನು ಹುಡುಕುತ್ತ ಬಂದರು ಎಂದು ಹೇಳುತ್ತಿರಲಿಲ್ಲ. ಅಂಗಳದಲ್ಲಿ ಕಾಗೆ ಕೂಗಿದರೆ ಯಾರೋ ಬರುತ್ತಾರೆ ಎಂದು ಗೊತ್ತಾಗುತ್ತದೆ. ಉಡುಗೊರೆ ತರುವ ತವರಿನವರೋ, ಜಗಳ ತರುವ ನೆಗೆಣ್ಣಿಯೋ ಎಂಬುದು ಕಾಗೆಗೂ ಗೊತ್ತಿರುವುದಿಲ್ಲ. ಹೀಗಾಗಿ ನಾನೇ ಒಂದು ವಹಿ ಮಾಡಿ, ಎಡಗಡೆ ಪುಟದ ಹೆಸರು, ಬಲಗಡೆ ಜನ ಯಾವ ಪದ ಹುಡುಕಿ ಬಂದಿರಬಹುದು ಎಂಬ ನನ್ನ ಅಂದಾಜು ಬರೆಯುತ್ತ ಬಂದೆ. ರೊಟ್ಟಿಯ ಪುಟದೆದುರು ‘ಉತ್ತರ ಕರ್ನಾಟಕದ ಆಹಾರ ಸಂಸ್ಕೃತಿ’ ಎಂದು ಬರೆದೆ. ಹತ್ತಿಯ ಪುಟದೆದುರು ‘ಎರೆಭೂಮಿಯ ಜನಜೀವನ’ ಎಂದು ಬರೆದೆ. ಅಂದಾಜು ಮಾಡುವವರು ತಮ್ಮ ಆಸೆಯನ್ನೇ ಅಂದಾಜು ಎಂದು ಬರೆದುಕೊಳ್ಳುತ್ತಾರೆ ಎಂಬುದು ಆಗ ತಿಳಿದಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಬರುತ್ತಿದ್ದದ್ದು ‘ಸಿಟ್ಟಿನ ಮನೆತನ’ ಎಂಬ ಪುಟಕ್ಕೆ. ಅದು ನಮ್ಮ ಮನೆಯಿಂದ ಮೂರು ಮನೆ ಆಚೆಗಿರುವ ಹಗೇದವರ ಬಗ್ಗೆ ಬರೆದದ್ದು. ಆ ಮನೆಯ ಅಜ್ಜಿ ಒಮ್ಮೆ ರೊಟ್ಟಿ ಹರಿಯಿತೆಂದು ಸುಡುವ ಹಂಚನ್ನೇ ಓಣಿಗೆ ಎಸೆದಳೆಂದೂ, ಆಕೆಯ ಮೊಮ್ಮಗಳು ಅನ್ನಪೂರ್ಣಾ ಏಳನೇ ಇಯತ್ತೆಯಲ್ಲಿದ್ದಾಗ ನನ್ನ ಲೈಬ್ರರಿಯಲ್ಲೇ ಒಬ್ಬ ಹುಡುಗನ ತಲೆಗೆ ದಪ್ಪ ಪುಸ್ತಕ ಒಗೆದಳೆಂದೂ ಬರೆದಿದ್ದೆ. ‘ಈ ಮನೆಯಿಂದ ಸೊಸೆ ತರುವವರು ತಾಳಿಯ ಜೊತೆಗೆ ಒಂದು ಹೆಲ್ಮೆಟ್ಟನ್ನೂ ಖರೀದಿಸುವುದು ಒಳ್ಳೆಯದು’ ಎಂಬ ವಾಕ್ಯ ಬರೆದು ನಾನೇ ನಕ್ಕಿದ್ದೆ. ಹೆಸರು ಬದಲಿಸಬೇಕು ಎಂಬ ಬುದ್ಧಿ ಒಂದು ಕ್ಷಣ ಬಂದಿತ್ತು. ಆದರೆ ಹಗೆ ಎಂಬ ಮಾತೇ ಅಡಗಿರುವ ‘ಹಗೇದ’ ಎಂಬ ಅಡ್ಡಹೆಸರಿನ ಸೊಗಸು ಬೇರೆ ಹೆಸರಿಗೆ ಬರಲಿಲ್ಲ. ಮೇಲಾಗಿ ನಮ್ಮೂರಲ್ಲಿ ನಾನು ಬರೆದದ್ದನ್ನು ಓದುವವರಾದರೂ ಯಾರು ಎಂಬ ಧೈರ್ಯ. ಆ ಪುಟದೆದುರು ವಹಿಯಲ್ಲಿ ‘ಕನ್ನಡ ಹಾಸ್ಯ ಪ್ರಬಂಧ’ ಎಂದು ಅಂದಾಜು ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಕಳೆದ ತಿಂಗಳು ಇನ್ನೊಂದು ವೀಡಿಯೊ ನೋಡಿದಾಗ, ಜನ ಹುಡುಕಿದ ಪದಗಳ ಪಟ್ಟಿಯನ್ನೇ ತೋರಿಸುವ ಉಪಾಯವೊಂದಿದೆ ಎಂದು ಗೊತ್ತಾಯಿತು. ವೆಬ್‌ಸೈಟು ನನ್ನದೇ ಎಂದು ಸಾಬೀತು ಮಾಡಲು ನಾಲ್ಕು ದಿನ ಒದ್ದಾಡಿದೆ. ಒಂದು ಮಧ್ಯಾಹ್ನ, ಫ್ಯಾನಿನವರೂ ಊಟಕ್ಕೆ ಹೋಗಿದ್ದಾಗ, ಪಟ್ಟಿ ತೆರೆದುಕೊಂಡಿತು. ವಹಿಯನ್ನು ಬಾಜು ಇಟ್ಟುಕೊಂಡು ತಾಳೆ ನೋಡಿದೆ. ಆಹಾರ ಸಂಸ್ಕೃತಿಗಾಗಿ ಯಾರೂ ಬಂದಿರಲಿಲ್ಲ, ‘ರೊಟ್ಟಿ ಯಾಕ ಹರೀತಾವ’ ಎಂದು ಕೇಳಿ ಬಂದಿದ್ದರು. ಎರೆಭೂಮಿಯ ಜನಜೀವನ ಯಾರಿಗೂ ಬೇಕಿರಲಿಲ್ಲ, ‘ಹತ್ತಿ ರೇಟ ಇವತ್ತ’ ಬೇಕಿತ್ತು. ನಿದ್ದೆಯ ಪುಟಕ್ಕೆ ಬಂದವರು ‘ಗೊರಕಿ ನಿಲ್ಲಿಸೋದು ಹೆಂಗ’ ಎಂದು ಹುಡುಕಿದ್ದರು, ಅವರಲ್ಲಿ ಒಬ್ಬರು ನಮ್ಮ ಮನೆಯವರೇ ಇರಬಹುದು. ಇಲ್ಲಿಯವರೆಗೆ ನಾನು ಒಬ್ಬಳೇ ಕುಳಿತು ನಗುತ್ತಲೇ ಇದ್ದೆ.

ಸಿಟ್ಟಿನ ಪುಟದ ಮುಂದೆ ಇದ್ದದ್ದು ಇಷ್ಟು: ‘ಹಗೇದ ಮನೆತನ ಹೆಂಗ’. ‘ಹಗೇದ ಕುಂದಗೋಳ ತಾಲೂಕು’. ‘ಅನ್ನಪೂರ್ಣಾ ಹಗೇದ ಡೇರಿ’. ಹಾಸ್ಯ ಎಂಬ ಪದ ಎಲ್ಲೂ ಇರಲಿಲ್ಲ.

ನಮ್ಮ ಕಡೆ ಸಂಬಂಧ ಮಾಡುವ ಮೊದಲು ಮನೆತನ ವಿಚಾರಿಸುವುದು ಒಂದು ದೊಡ್ಡ ವಿದ್ಯೆ. ಕನ್ಯಾ ನೋಡಲು ಬರುವ ಮುಂಚೆ ಗಂಡಿನ ಕಡೆಯ ಹಿರಿಯನೊಬ್ಬ ಬೇರೇನೋ ಕೆಲಸದ ನೆಪದಲ್ಲಿ ಊರಿಗೆ ಬರುತ್ತಾನೆ. ಹಿಟ್ಟಿನ ಗಿರಣಿ, ಚಹಾದಂಗಡಿ, ಕ್ಷೌರದ ಅಂಗಡಿ, ಹೀಗೆ ಮೂರು ಕಡೆ ಕೂರುತ್ತಾನೆ. ಎಲ್ಲರೂ “ಛಲೋ ಮಂದಿ” ಎಂದೇ ಹೇಳುತ್ತಾರೆ, ಬೇರೆ ಹೇಳಿ ಪಾಪ ಕಟ್ಟಿಕೊಳ್ಳುವವರು ಯಾರು? ಆದ್ದರಿಂದ ಕೇಳುವವನು ಮಾತು ಕೇಳುವುದಿಲ್ಲ, ಮಾತು ಎಷ್ಟು ಬೇಗ ಬಂತು ಎಂಬುದನ್ನು ಕೇಳುತ್ತಾನೆ. ಪಟ್ಟನೆ ಬಂದರೆ ಮನೆತನ ನಿಜಕ್ಕೂ ಒಳ್ಳೆಯದು. ಎಲೆ ಅಡಿಕೆ ಉಗುಳಿ, ಗಂಟಲು ಸರಿಪಡಿಸಿಕೊಂಡು ಬಂದರೆ ಆತ ಎದ್ದು ಬಸ್ಸು ಹಿಡಿಯುತ್ತಾನೆ. ಈಗಿನವರು ಕನ್ಯಾ ನೋಡಿ ಹೋದ ಮೇಲೂ ಮೊಬೈಲನ್ನು ಕೇಳುತ್ತಾರೆ ಎಂಬುದಷ್ಟೇ ಬದಲಾವಣೆ. ಮೊಬೈಲು ತಡಮಾಡದೆ ನನ್ನ ಹೆಲ್ಮೆಟ್ಟಿನ ವಾಕ್ಯ ತೋರಿಸುತ್ತಿತ್ತು.

ವಹಿಯ ಹಿಂದಿನ ಹಾಳೆಗಳನ್ನು ತಿರುವಿದೆ. ಬಂದವರ ಸಂಖ್ಯೆ ಏರಿದ ದಿನಗಳೆಲ್ಲ ನನಗೆ ನೆನಪಿದ್ದವು, ಏಕೆಂದರೆ ಆ ದಿನಗಳಂದು ನಾನು ಹಗೇದವರ ಅಡಿಗೆಮನೆಯಲ್ಲಿದ್ದೆ. ಅನ್ನಪೂರ್ಣಾಳನ್ನು ನೋಡಲು ಕಲಘಟಗಿ ಕಡೆ ದೇವಿಕೊಪ್ಪದಿಂದ ಒಂದು ಮನೆಯವರು ಬಂದಿದ್ದರು, ತಿರ್ಲಾಪುರದಿಂದ ಇನ್ನೊಂದು, ಆಮೇಲೆ ಮತ್ತೊಂದು. ಅನ್ನಪೂರ್ಣಾಳ ತಾಯಿ ನೀಲವ್ವ “ಅಕ್ಕಾರ, ನಿಮ್ಮ ಕೈ ಅವಲಕ್ಕಿ ಹದ ಆಕ್ಕೇತಿ, ಬರ್ರಿ” ಎಂದು ಕರೆಯುತ್ತಿದ್ದಳು. ನಾನು ಹೋಗಿ ಒಗ್ಗರಣೆ ಹಾಕುತ್ತಿದ್ದೆ, ಬೀಗರಾಗಬಹುದಾದವರಿಗೆ ಪ್ಲೇಟು ಕೊಡುತ್ತಿದ್ದೆ. ಅವರು ತಿಂದು, ಚಹಾ ಕುಡಿದು, “ಫೋನ್ ಮಾಡ್ತೀವ್ರಿ” ಎಂದು ಹೋಗುತ್ತಿದ್ದರು. ಫೋನು ಬರುತ್ತಿರಲಿಲ್ಲ. ನಾನು ನೀಲವ್ವನಿಗೆ ಸಮಾಧಾನ ಹೇಳಿ ಮನೆಗೆ ಬಂದು, ಮರುದಿನ ಬೆಳಿಗ್ಗೆ ವಹಿಯಲ್ಲಿ ‘ಕಲಘಟಗಿ ಕಡೆ ಓದುಗರು ಹೆಚ್ಚುತ್ತಿದ್ದಾರೆ’ ಎಂದು ಬರೆದಿದ್ದೆ. ಆ ಸಾಲು ಇನ್ನೂ ಅಲ್ಲೇ ಇದೆ. ಹರಿದುಹಾಕಲು ನನಗೆ ಮುಖವಿಲ್ಲ.

ಇನ್ನೂ ನಾಚಿಕೆಗೇಡಿನ ಮಾತೆಂದರೆ, ಬರೆದದ್ದು ನಿಜವೂ ಅಲ್ಲ. ಅಜ್ಜಿಯದು ಮಣ್ಣಿನ ಹಂಚು. ಒಲೆಯ ಮೇಲೆಯೇ ಸೀಳಿತ್ತು, ಮಕ್ಕಳು ಕೈ ಸುಟ್ಟುಕೊಂಡಾವೆಂದು ಆಕೆ ಅದನ್ನು ಬಾಗಿಲಾಚೆ ದೂಡಿದ್ದಳು. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಅನ್ನಪೂರ್ಣಾ ಪುಸ್ತಕ ಒಗೆದದ್ದು ಹೌದು, ಆದರೆ ಆ ಹುಡುಗ ಗ್ರಂಥಾಲಯದ ವಿಶ್ವಕೋಶದಿಂದ ಚಿತ್ರದ ಹಾಳೆ ಹರಿದು ಅಂಗಿಯೊಳಗೆ ಬಚ್ಚಿಡುತ್ತಿದ್ದ. ಆಕೆಗೆ ಸಿಟ್ಟು ಬಂದದ್ದು ನನ್ನ ಪುಸ್ತಕಕ್ಕಾಗಿ. ಆ ಅರ್ಧವನ್ನು ನಾನು ಬಿಟ್ಟೆ, ಏಕೆಂದರೆ ಅದನ್ನು ಸೇರಿಸಿದರೆ ನಗು ಬರುತ್ತಿರಲಿಲ್ಲ. ಉಪ್ಪು ಖಾರ ಹಚ್ಚುವುದು ಎಂದು ಇದನ್ನು ನಾವು ಹಗುರವಾಗಿ ಹೇಳುತ್ತೇವೆ, ಗಾಯದ ಮೇಲೆ ಹಚ್ಚುವುದೂ ಅವೇ ಎರಡು ಪದಾರ್ಥ ಎಂಬುದು ಮರೆತೇ ಹೋಗಿರುತ್ತದೆ.

ಆ ಮಧ್ಯಾಹ್ನ ನಾನು ಮಾಡಿದ್ದು ಕಳ್ಳರು ಮಾಡುವ ಕೆಲಸ. ಪುಟವನ್ನು ಅಳಿಸಿಹಾಕಿದೆ. ಯಾರಿಗೂ ಹೇಳಲಿಲ್ಲ. ಇನ್ನು ಮೇಲೆ ಹುಡುಕಿದವರಿಗೆ ಏನೂ ಸಿಗುವುದಿಲ್ಲ, ಹುಡುಗಿಯ ದಾರಿ ಸುಗಮ, ನನ್ನ ಮಾನವೂ ಭದ್ರ ಎಂದು ಲೆಕ್ಕ ಹಾಕಿದೆ.

ವಾರದೊಳಗೆ ಅಣ್ಣಿಗೇರಿ ಕಡೆಯ ಹಿರಿಯರೊಬ್ಬರು ಲೈಬ್ರರಿಗೆ ಬಂದರು. ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಧೋತರ. ಪೇಪರಿನ ಒಂದೇ ಹಾಳೆಯನ್ನು ಕಾಲು ಗಂಟೆ ಹಿಡಿದುಕೊಂಡಿದ್ದಾಗಲೇ ನನಗೆ ಅಂದಾಜಾಯಿತು. ಈ ಸಲ ಅಂದಾಜು ಸರಿಯಾಗಿತ್ತು.

“ಅಕ್ಕಾರ, ನಿಮ್ಮೂರಾಗ ಹಗೇದವರ ಮಂದಿ ಹೆಂಗರಿ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು. “ನಮ್ಮ ಹುಡುಗ ಹೋದ ತಿಂಗಳ ಮೊಬೈಲದಾಗ ಏನೋ ಓದಿದ್ನಂತ. ನಿನ್ನೆ ನನಗ ತೋರಸಾಕ ಹೋದ್ರ ಸಿಗವಲ್ದು. ತಗಿಸಿ ಹಾಕ್ಯಾರ. ಸುಳ್ಳಿದ್ರ ಯಾಕ ತಗಸ್ತಿದ್ರು ಹೇಳ್ರಿ?”

‘ತೆಗೆದವಳು ನಾನು, ಬರೆದವಳೂ ನಾನು’ ಎಂದು ಹೇಳಬೇಕಿತ್ತು. ಅದರ ಬದಲು ಮೇಜಿನ ಮೇಲಿನ ಪುಸ್ತಕಗಳನ್ನು ಸರಿಸಿಟ್ಟು, ನೀರು ಕುಡಿದು, “ಛಲೋ ಮಂದಿ ಅದಾರ್ರಿ” ಎಂದೆ.

ಅವರು ನನ್ನ ಮುಖ ನೋಡಿದರು. ಪೇಪರು ಮಡಚಿಟ್ಟರು. “ತಿಳೀತ್ರಿ ಅಕ್ಕಾರ, ನಿಮ್ಮನ್ನ ಯಾಕ ಸುಮ್ನ ಸಂಕಟದಾಗ ಹಾಕೂಣು,” ಎಂದು ಎದ್ದು, ಹಗೇದವರ ಓಣಿಯ ಕಡೆ ತಿರುಗದೆ ನೆಟ್ಟಗೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನನ್ನ ನಾಚಿಕೆಯ ತಡವನ್ನು ಅವರು ಆ ಮನೆಯ ದೋಷವೆಂದು ಓದಿಕೊಂಡರು. ಬರೆದು ಮೂರು ಸಂಬಂಧ ಕೆಡಿಸಿದ್ದೆ, ಬಾಯಿ ಮುಚ್ಚಿಕೊಂಡು ನಾಲ್ಕನೆಯದನ್ನು ಕೆಡಿಸಿದೆ. ಓಡಿಹೋಗಿ ಅವರನ್ನು ತಡೆಯಬಹುದಿತ್ತು. ಕುರ್ಚಿಯಿಂದ ಏಳಲಿಲ್ಲ.

ಸಂಜೆ ಹಗೇದವರ ಮನೆಗೆ ಹೋದೆ. ನೀಲವ್ವ ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಅನ್ನಪೂರ್ಣಾ ಆಗಷ್ಟೇ ಡೇರಿಯಿಂದ ಬಂದು ಕೈ ತೊಳೆಯುತ್ತಿದ್ದಳು. ಹಾಲಿನ ಫ್ಯಾಟು ನೋಡುವ ಕೆಲಸ ಆಕೆಯದು. ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ದಿನಾ ಎರಡು ಹೊತ್ತು ನೋಡುವವಳ ಎದುರಿಗೆ ಸುಳ್ಳು ಹೇಳುವುದು ಕಷ್ಟ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ನೀಲವ್ವನಿಗೆ ಮೊದಲು ತಿಳಿಯಲಿಲ್ಲ. “ನೀವು ಏನ್ ಬರದ್ರ ಯಾರ ಓದ್ತಾರವಾ?” ಎಂದಳು, ನನ್ನನ್ನು ಸಮಾಧಾನ ಮಾಡುವವಳಂತೆ. ಅದು ತಿಳಿದ ಮೇಲೆ ಆಕೆಯ ಕೈ ಮೊರದಲ್ಲೇ ನಿಂತಿತು. ಆಮೇಲೆ ಆಕೆ ನನ್ನತ್ತ ನೋಡಲಿಲ್ಲ.

ಅನ್ನಪೂರ್ಣಾ ಸೆರಗಿಗೆ ಕೈ ಒರೆಸಿಕೊಂಡಳು. “ನನಗ ಗೊತ್ತಿತ್ರಿ ಅಕ್ಕಾರ. ತಿರ್ಲಾಪುರದವರು ಹೋದ ಮ್ಯಾಲೆ ಡೇರಿಯಾಗ ಒಬ್ಬರು ತೋರಿಸಿದ್ರು.”

“ಮತ್ತ ನನಗ ಯಾಕ ಹೇಳಲಿಲ್ಲವಾ? ಬಂದು ನಾಕು ಬೈದಿದ್ರ ಅವತ್ತ ತಗೀತಿದ್ನಲ್ಲ.”

“ಬಂದು ಬೈದಿದ್ರ ನೀವು ಬರದದ್ದು ಖರೇ ಆಕ್ಕಿತ್ತಲ್ರಿ,” ಎಂದಳು.

ಆಕೆ ದನಿ ಏರಿಸಲಿಲ್ಲ. ನಾನು ಬರೆದ ಒಂದು ಪುಟ ಈ ಹುಡುಗಿಯ ಬಾಯಿಗೆ ಎಷ್ಟು ತಿಂಗಳು ಬೀಗ ಹಾಕಿತ್ತು ಎಂದು ಯೋಚಿಸಿ ನಾನು ನೆಲ ನೋಡಿದೆ. ಮೂರನೆಯವರು ಬಂದಾಗ ಅವಲಕ್ಕಿಯ ಪ್ಲೇಟುಗಳನ್ನು ನನ್ನ ಕೈಗೆ ಕೊಡುವಾಗಲೂ ಆಕೆಗೆ ಗೊತ್ತಿತ್ತು.

ಏನು ಮಾಡಲಿ ಎಂದು ಕೇಳಿದೆ. ಅಳಿಸಿದ್ದು ಸಾಲದು ಎಂದಳು. “ಖಾಲಿ ಬಿಟ್ರ ಮಂದಿ ಏನರೆ ತುಂಬಿಕೋತಾರ. ಅದ ಜಾಗಾದಾಗ ಈಗ ನಿಮ್ಮ ಬಗ್ಗೆ ಬರೀರಿ. ನಮ್ಮ ಹೆಸರು ಇರಲಿ, ಇಲ್ಲಂದ್ರ ಹುಡುಕಿದೋರಿಗೆ ಸಿಗೂದಿಲ್ಲ. ನಿಮ್ಮ ಹೆಸರೂ ಹಾಕ್ರಿ.” ಯಾವ ಪದಕ್ಕೆ ಯಾರು ಬರುತ್ತಾರೆ ಎಂಬ ವಿದ್ಯೆಯಲ್ಲಿ ವಹಿ ಇಟ್ಟ ನನಗಿಂತ ಆಕೆಯೇ ಮುಂದಿದ್ದಳು.

ಅದಕ್ಕೇ ಇದನ್ನು ಬರೆದು ಹಳೆಯ ಪುಟದ ಜಾಗದಲ್ಲೇ ಇಟ್ಟಿದ್ದೇನೆ. ನನ್ನ ಹೆಸರು ಸರೋಜಾ ಕಮತರ. ಲಲಿತವಾಗಿ ಬರೆಯಲು ಹೋಗಿ ನೆರೆಯವರ ಮನೆ ಕೆಡಿಸಿದವಳು. ಹಗೇದ ಮನೆತನ ಹೆಂಗ ಎಂದು ಹುಡುಕಿ ಬಂದವರು ನೀವಾಗಿದ್ದರೆ, ದಯವಿಟ್ಟು ಪುಟ ಮುಚ್ಚಿ ಬಸ್ಸು ಹತ್ತಿ. ಬೆಳಗಿನ ಡೇರಿ ಮುಗಿಯುವುದು ಎಂಟೂವರೆಗೆ, ಒಂಬತ್ತಕ್ಕೆ ಆಕೆ ಮನೆಯಲ್ಲಿರುತ್ತಾಳೆ. ಸಿಟ್ಟು ಬರುತ್ತದೆಯೇ ಎಂದು ಆಕೆಯನ್ನೇ ಕೇಳಿ. ಬರುತ್ತದೆ ಎನ್ನುತ್ತಾಳೆ, ಸುಳ್ಳು ಹೇಳುವುದಿಲ್ಲ. ಬರಲೇಬೇಕಾಗಿದ್ದಾಗ ಆಕೆ ಅದನ್ನು ತಡೆದುಕೊಂಡದ್ದು ನನಗೆ ಗೊತ್ತಿರುವಂತೆ ಒಂದೇ ಸಲ, ಆಗ ಎದುರಿಗೆ ನಿಂತಿದ್ದವಳು ನಾನು.