ಬಾಳವ್ವನ ಕೊಂಡಿಯೂ ಮೂರು ಕಾಲೇಜೂ

ಗಜೇಂದ್ರಗಡದ ಗುಡ್ಡದಾಚೆ ಇನ್ನೂ ಹೊತ್ತು ಮೂಡಿಲ್ಲ. ನೇಕಾರರ ಓಣಿಯಲ್ಲಿ ಬಾಳವ್ವ ಆಗಲೇ ಮಗ್ಗದ ಕುಣಿಗಿಳಿದು ಕೂತಿದ್ದಾಳೆ. ಎದುರಿಗೆ ಮಗಳು ದ್ರಾಕ್ಷಾಯಣಿ. ಸೀರೆಯ ಒಡಲಿನ ಎಳೆಗೆ ಸೆರಗಿನ ಕೆಂಪು ಎಳೆ ಕೂಡಿಸುವ ಕೆಲಸ ನಡೆದಿದೆ; ಪ್ರತಿ ಸೀರೆಗೂ ಬೇಕಾದ ಈ ಜೋಡಣೆಗೆ ಇಲ್ಲಿ ಕೊಂಡಿ ಅಂತಾರೆ. ಒಬ್ಬರು ಎಳೆ ಕೊಡಬೇಕು, ಇನ್ನೊಬ್ಬರು ಕೂಡಿಸಬೇಕು. ಒಬ್ಬರ ಕೈಯಿಂದ ಆಗುವ ಮಾತಲ್ಲ. ಆದರೆ ಇವತ್ತು ಎಳೆಗಳು ಮೇಲಿಂದ ಮೇಲೆ ಜಾರುತ್ತಿವೆ. ಜಾರದೆ ಏನು ಮಾಡಿಯಾವು! ಮಗಳು ಸೇರುವುದು ಯಾವ ಕಾಲೇಜು ಎಂದು ಇವತ್ತಿನ ಟಪಾಲಿಗೆ ತಿಳಿಸಲೇಬೇಕು.

ಗಂಡ ತೀರಿಕೊಂಡಾಗ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳು. ಅಂದಿನಿಂದ ಬಾಳವ್ವ ಎರಡು ದಿನಕ್ಕೊಂದು ಸೀರೆ ಇಳಿಸುತ್ತಲೇ ಬಂದಿದ್ದಾಳೆ. ಎದುರುಮನೆಯ ಮರಿಯವ್ವ ಹಿಂದೊಮ್ಮೆ "ಬಾಳವ್ವನ ಕೊಂಡಿ ಸಡ್ಲ" ಅಂತ ಆಡಿಕೊಂಡಳು, ಅಷ್ಟೇ. ನನ್ನ ಮಗ್ಗಕ್ಕೆ ಹೊರಗಿನವರ ಬೆರಳು ತಾಕಿಸುವುದಿಲ್ಲ ಎಂದು ಬಾಳವ್ವ ಹಟ ಹಿಡಿದುಬಿಟ್ಟಳು. ಹಟ ಅಂದರೆ ಅಂಥಿಂಥ ಹಟವೇ! ಅಂದಿನಿಂದ ಎಳೆ ಕೊಡುವವಳು ಮಗಳೊಬ್ಬಳೇ.

ಏಕೀಕರಣದ ನಂತರದ ಎರಡನೆಯ ಜೂನ್ ಇದು. ಈ ಓಣಿಯಲ್ಲಿ ಮ್ಯಾಟ್ರಿಕ್ ಪಾಸಾದ ಮೊದಲ ಹುಡುಗಿ ದ್ರಾಕ್ಷಾಯಣಿ. ಗದಗ, ಬಾಗಲಕೋಟೆ, ಧಾರವಾಡ ಮೂರಕ್ಕೂ ಅರ್ಜಿ ಹಾಕಿರೆಂದು ಸಾಲಿಯ ಶ್ರೀಧರ ಮಾಸ್ತರರು ಹೇಳಿದಾಗ ಬಾಳವ್ವ ಹೌಹಾರಿದ್ದಳು.

"ಶಿವಶಿವಾ! ಒಬ್ಬ ಸಾವಕಾರನ ನೂಲು ಮಗ್ಗದ ಮ್ಯಾಲ ಇದ್ದಾಗ ಇನ್ನೊಬ್ಬನ ಕಟ್ಟಿ ತುಳೀಬಾರದ್ರಿ. ಒಂದ ಸಾಕು."

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ಅರ್ಜಿ ಅಂದ್ರ ನೂಲು ತಂದಂಗಲ್ಲವಾ ಬಾಳವ್ವ. ಮೂರು ಅಂಗಡ್ಯಾಗ ಮುಟ್ಟಿ ನೋಡಿದಂಗ. ನೋಡ್ಲಿಕ್ಕೆ ಯಾರ್ದು ಅಡ್ಡಿ?"

ಬಾಗಲಕೋಟೆಯ ಸುದ್ದಿಯಿಲ್ಲ. ಉಳಿದೆರಡೂ ಬಾ ಎಂದಿವೆ. ಗದಗದಲ್ಲಿ ಕಲಾ ವಿಭಾಗ, ಧಾರವಾಡದಲ್ಲಿ ಹುಡುಗಿ ಆಸೆಪಟ್ಟ ವಿಜ್ಞಾನ. ಓಣಿಗೆ ಓಣಿಯೇ ಪಂಚಾಯ್ತಿಗೆ ಕೂತು ಗದ್ದಲವೋ ಗದ್ದಲ.

"ಗದಗ ಇರಲಿ ಬಿಡಬೇ," ಎನ್ನುತ್ತಾಳೆ ದ್ರಾಕ್ಷಾಯಣಿ, ಎಳೆ ಕೊಡುತ್ತ. "ಹತ್ತರ ಐತಿ, ರವಿವಾರಕ್ಕೊಮ್ಮಿ ಬಂದು ಕೊಂಡಿ ಹಾಕ್ತೀನಿ. ವಾರಕ್ಕ ಒಂದರ ಸೀರಿ ಇಳೀತೈತಿ."

ಬಾಳವ್ವನ ಕೈ ನಿಲ್ಲುತ್ತದೆ. "ಕೊಂಡಿ ಇಲ್ಲಾಂದ್ರ ಯಾವ ಊರು ಹೇಳ್ತಿದ್ದಿ? ಖರೇ ಹೇಳು."

ಹುಡುಗಿ ತಲೆ ತಗ್ಗಿಸುತ್ತಾಳೆ. "ಧಾರವಾಡ."

ಬಾಳವ್ವ ಕುಣಿಯಿಂದ ಎದ್ದವಳೇ ಓಣಿ ದಾಟಿ ಎದುರು ಬಾಗಿಲಿಗೆ ನಿಲ್ಲುತ್ತಾಳೆ. ಎಷ್ಟೋ ವರ್ಷಗಳಿಂದ ತುಳಿಯದ ಹೊಸ್ತಿಲು. ಮೋರೆ ಬಿಗಿ. "ಮರಿಯವ್ವಾ, ನಾಳಿಯಿಂದ ಮುಂಜಾನಿ ನನಗ ಎಳಿ ಕೊಡಾಕ ಬರ್ತಿಯೇನವಾ? ನಿನ್ನ ಕೊಂಡಿಗೂ ನಾ ಬರ್ತೀನಿ."

ಮರಿಯವ್ವ ಕಸಬರಿಗೆ ಅಲ್ಲೇ ಒಗೆಯುತ್ತಾಳೆ. "ನಾಳಿ ಯಾಕ, ಈಗ ಬರ್ತೀನಿ ನಡಿ!" ಮಗ್ಗದೆದುರು ಕೂತು, ಕೊಂಡಿಯನ್ನು ಉಗುರಿನಿಂದ ಎಳೆದು ನೋಡಿ ನಗುತ್ತಾಳೆ. "ಅಲಲಲಾ, ಭಾಳ ಬಿಗಿ ಆಗೇತಲ್ಲಬೇ!"

ಬಾಳವ್ವನಿಗೆ ನಗು ತಡೆಯಲಾಗುವುದಿಲ್ಲ. ಮಗಳ ಕಡೆ ತಿರುಗಿ, "ಗದಗಿಗೂ ಇವತ್ತ ಬರಿ, ಬರಾಂಗಿಲ್ಲ ಅಂತ. ಬ್ಯಾಡಾದ ನೂಲು ಹಿಡ್ಕೊಂಡು ಕುಂದರಬಾರದು. ಆ ಜಾಗಾ ಇನ್ನೊಬ್ಬಾಕಿ ಮಗಳಿಗೆ ಆಗ್ಲಿ," ಎನ್ನುತ್ತಾಳೆ.

ನಿಮಗೇನು ಆಸೆ ಎಂದು ನಾನು ಕೇಳಿದರೆ ಬಾಳವ್ವ ನಾಚಿಕೊಳ್ಳುತ್ತಾಳೆ. "ಆಕಿ ಕಲ್ತು ಬರೂತನಕ ಈ ಮಗ್ಗ ನಿಲ್ಲಬಾರದ್ರಿ, ಅಷ್ಟ."

ಅಷ್ಟರಲ್ಲಿ ಓಣಿಯ ತುದಿಯಿಂದ, ದಿನವೂ ಇದನ್ನೇ ಕೇಳುವ ನೆರೆಯ ಹೂವಪ್ಪ ಕೂಗಿ ಕೇಳುತ್ತಾನೆ, "ಯಾವ ಊರು ಆತು ಬಾಳವ್ವಾ?"

"ಧಾರವಾಡ!" ದನಿ ಏರಿಸಿ ಮಾತಾಡದ ಹೆಂಗಸು ಓಣಿಯೆಲ್ಲ ಕೇಳುವಂತೆ ಕೂಗುತ್ತಾಳೆ. ಅಕ್ಕಪಕ್ಕದ ಮಗ್ಗಗಳ ಸದ್ದು ನಿಲ್ಲುತ್ತದೆ. "ಎಷ್ಟ ಸಲ ಕೇಳ್ತೀರಿ?" ಎಂದು ಗದರಿದವಳು, ಮರುಗಳಿಗೆಗೆ ಕಣ್ಣೊರೆಸಿಕೊಂಡು ನಗುತ್ತಾಳೆ. "ಇಲ್ಲಿಲ್ಲ, ಕೇಳ್ರಿ ಕೇಳ್ರಿ. ಇನ್ನೊಮ್ಮಿ ಹೇಳ್ತೀನಿ."