ಇಲ್ಲದ ಇಪ್ಪತ್ತಮೂರನೆಯ ವಚನ

ಕಳೆದ ತಿಂಗಳು ನಮ್ಮ ಚರ್ಚಿನ ಸಭೆಯ ಪ್ರೇಮಾ ಎಂಬ ಹುಡುಗಿ ಒಂದು ಕಟ್ಟು ದಪ್ಪ ಕಾಗದ ಮತ್ತು ಒಂದು ನೀಲಿ ಶಾಯಿಯ ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟಳು. "ಅಂಕಲ್, ಈ ವರ್ಷ ಪ್ರಿಂಟ್ ಮಾಡಿದ ಚೀಟಿ ಬ್ಯಾಡ ಅಂದಾರ ಎಲ್ರೂ. ಮೊದ್ಲು ನೀವೇ ಬರೀತಿದ್ರಂತಲ್ರಿ, ನೀವೇ ಬರ್ದು ಕೊಡ್ರಿ" ಎಂದಳು. ನಾನು ಬಾಟಲಿಯ ಮುಚ್ಚಳ ತಿರುಗಿಸಿದೆ. ಆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ತಟ್ಟನೆ ಮುಚ್ಚಿಬಿಟ್ಟೆ. ಪ್ರೇಮಾ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿಕೊಂಡಿರಬೇಕು.

ನಿಮಗೆ ಈ ಪದ್ಧತಿ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ಒಂದು ಸ್ಟೀಲ್ ತಟ್ಟೆಯ ತುಂಬ ಮಡಚಿದ ಚೀಟಿಗಳನ್ನಿಟ್ಟು ಎಲ್ಲರ ಮುಂದೆ ಹಿಡಿಯುತ್ತಾರೆ. ಒಂದೊಂದು ಚೀಟಿಯಲ್ಲಿ ದೇವರ ವಾಕ್ಯದ ಒಂದು ವಾಗ್ದಾನ, ಅದರ ಕೆಳಗೆ ಅಧ್ಯಾಯ ಮತ್ತು ವಚನದ ಅಂಕಿ. ಕಣ್ಣು ಮುಚ್ಚಿ, ಪ್ರಾರ್ಥಿಸಿ, ಒಂದನ್ನು ಎತ್ತಿಕೊಳ್ಳಬೇಕು. ಆ ವರ್ಷಕ್ಕೆ ಅದೇ ನಿಮಗೆ ದೇವರು ಹೇಳಿದ ಮಾತು. ಕೆಲವರು ಅದನ್ನು ಓದಿ ಮರೆಯುತ್ತಾರೆ, ಕೆಲವರು ಕನ್ನಡಿಯ ಮೂಲೆಗೆ ಸಿಕ್ಕಿಸುತ್ತಾರೆ. ನನ್ನ ಅಕ್ಕ ಸುಗುಣ ಅದರ ಪ್ರಕಾರ ನಡೆಯುತ್ತಿದ್ದಳು.

ಎಪ್ಪತ್ತರ ದಶಕ. ನಾವಿಬ್ಬರೂ ಕಂಪ್ಲಿಯಲ್ಲಿದ್ದೆವು. ಕಾಲುವೆ ನೀರು ಬಂದು ಊರು ಮೈತುಂಬಿಕೊಂಡಿತ್ತು. ಎಲ್ಲಿ ನೋಡಿದರೂ ಭತ್ತ, ಕಬ್ಬು, ಹೊಸ ತಾರಸಿ ಮನೆಗಳು. ಅಪ್ಪ ರೈಸ್ ಮಿಲ್ಲಿನಲ್ಲಿ ಹೊಟ್ಟಿನ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಹೋಗಿಬಿಟ್ಟಿದ್ದರು. ಆಮೇಲೆ ಅಕ್ಕನೇ ನನ್ನನ್ನು ಓದಿಸಿದಳು. ಅವಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ನನಗೆ ಶಾಲೆಯಲ್ಲಿ ಮೇಷ್ಟ್ರ ಕೆಲಸ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಸಭೆಯವರೆಲ್ಲ ಹೊಗಳುತ್ತಿದ್ದರು. ಹೊಗಳಿಕೆಗೆ ನಾನು ಯಾವತ್ತೂ ಬೇಡ ಎಂದವನಲ್ಲ. ಹಾಗಾಗಿ ವರ್ಷವರ್ಷವೂ ಚೀಟಿ ಬರೆಯುವವನು ನಾನೇ, ತಟ್ಟೆ ಹಿಡಿಯುವವನೂ ನಾನೇ.

ಆ ವರ್ಷ ದೀಪಾವಳಿಯ ಹೊತ್ತಿಗೆ ಅಕ್ಕ ಚುಚ್ಚುಮದ್ದು ಹಾಕಲೆಂದು ಸಂಡೂರಿನ ಗಣಿಗಳ ಕಡೆಯ ಯಶವಂತನಗರಕ್ಕೆ ಹೋಗಿ ಬಂದಳು. ಬಂದವಳು ಸೀರೆಯ ಕೆಂಪು ಧೂಳನ್ನೂ ಕೊಡವದೆ ಕಟ್ಟೆಯ ಮೇಲೆ ಕುಳಿತಳು. ಅಲ್ಲಿ ಅದಿರು ಆರಿಸುವ ಕೂಲಿಯವರ ಗುಡಿಸಲು ಸಾಲಿನಲ್ಲಿ ಹುಲಿಗೆಮ್ಮ ಎಂಬ ಕ್ಷಯದ ಹೆಂಗಸು ಅವಳ ಸೆರಗು ಹಿಡಿದುಕೊಂಡು, "ನೀ ಮತ್ತ ಬರ್ತೀಯೇನವ್ವಾ?" ಎಂದು ಕೇಳಿದಳಂತೆ.

"ಕೇಳಿದ್ದು ಹುಲಿಗೆಮ್ಮ ಅಲ್ಲೋ ತಮ್ಮಾ," ಎಂದಳು ಅಕ್ಕ. "ಬಾಯಿ ಆಕಿದು. ಕೇಳಿದಾತ ಬ್ಯಾರೆ. ನನಗ ಮೈ ಝುಮ್ ಅಂತು. ಕೆಲಸ ಬಿಟ್ಟು ಅಲ್ಲೇ ಹೋಗಿ ಇರ್ಬೇಕು ಅನಸ್ತೈತಿ."

ನನಗೂ ಮೈ ಝುಮ್ಮೆಂದಿತು, ಆದರೆ ಭಯಕ್ಕೆ. ಅಪ್ಪನ ಕೆಮ್ಮು ಇನ್ನೂ ನನ್ನ ಕಿವಿಯಲ್ಲಿತ್ತು. ಆ ಕೆಮ್ಮಿನ ಮಧ್ಯಕ್ಕೇ ಅಕ್ಕ ಹೊರಟು ನಿಂತಿದ್ದಳು. ಅವಳು ಹೋದರೆ ನನಗೆ ಅನ್ನ ಬೇಯಿಸಿ ಹಾಕುವವರು ಯಾರು ಎಂಬ ಚಿಂತೆಯೂ ಇತ್ತು. ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ? ಜಗಳವಾಡಿದೆ, ಊಟ ಬಿಟ್ಟೆ, ಒಂದೇ ದಿನಕ್ಕೆ ಹಸಿವು ತಾಳದೆ ಉಂಡೆ. ಕೊನೆಗೆ ಅಕ್ಕ ಅಂದಳು: "ಹೊಸ ವರ್ಷದ ಚೀಟಿ ಏನು ಬರ್ತೈತಿ ನೋಡೋಣು. ಹೋಗು ಅಂದ್ರ ಹೋಗ್ತೀನಿ, ಇರು ಅಂದ್ರ ಇರ್ತೀನಿ."

ಆ ವಾರವೇ ನಾನು ಚೀಟಿ ಬರೆಯಲು ಕುಳಿತೆ. "ಇರು" ಎಂದು ನೇರವಾಗಿ ಹೇಳುವ ವಚನಕ್ಕಾಗಿ ಹುಡುಕಿದೆ. ಸಿಕ್ಕಿದ್ದೆಲ್ಲ ಎದ್ದು ನಡೆ ಎನ್ನುವಂಥವೇ. ಆಗ ನಾನೇ ಒಂದನ್ನು ಹೆಣೆದೆ: "ನಿನ್ನ ಮನೆಯಲ್ಲಿಯೇ ನೆಲೆಯಾಗಿರು, ಅಲ್ಲಿಯೇ ನಾನು ನಿನ್ನನ್ನು ಆಶೀರ್ವದಿಸುವೆನು." ಇಷ್ಟು ವರ್ಷ ನಕಲು ಮಾಡಿ ಮಾಡಿ ಆ ಶೈಲಿ ನನಗೆ ಚೆನ್ನಾಗಿ ಕೈಹತ್ತಿತ್ತು. ಯಾರೂ ಹೆಚ್ಚು ಓದದ ಒಬ್ಬ ಪ್ರವಾದಿಯ ಹೆಸರು ಬರೆದು, ತೋಚಿದ ಒಂದು ಅಧ್ಯಾಯ ಹಾಕಿ, ಇಪ್ಪತ್ತಮೂರನೆಯ ವಚನ ಎಂದು ಸೇರಿಸಿದೆ.

ಆರಾಧನೆಯ ದಿನ ಆ ಚೀಟಿಯನ್ನು ಹೆಬ್ಬೆರಳ ಕೆಳಗೆ ಒತ್ತಿ ಹಿಡಿದು ಸಾಲುಸಾಲಾಗಿ ಬಂದೆ. ಅಕ್ಕ ಕಣ್ಣು ಮುಚ್ಚಿದ್ದಳು. ಅವಳ ತುಟಿ ಅಲುಗುತ್ತಿತ್ತು. ಬಲಗೈ ಮುಂದೆ ಬಂತು. ನಾನು ತಟ್ಟೆಯನ್ನು ಒಂದಿಷ್ಟು ವಾಲಿಸಿ ಹೆಬ್ಬೆರಳು ಸರಿಸಿದೆ. ಅವಳ ಬೆರಳಿಗೆ ಮೊದಲು ತಾಗಿದ್ದು ಅದೇ. ಬಿಚ್ಚಿ ಓದಿದಳು, ಎರಡು ಸಲ ಓದಿದಳು. ಮುಖದಲ್ಲಿ ಸಂತೋಷವಿರಲಿಲ್ಲ. ಬರೆದಿಟ್ಟುಕೊಂಡಿದ್ದ ರಾಜೀನಾಮೆ ಪತ್ರವನ್ನು ಅಂದು ಮಧ್ಯಾಹ್ನವೇ ಒಲೆಗೆ ಹಾಕಿದಳು.

ಗೆದ್ದೆ ಎಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಅಕ್ಕ ದಿನದಿಂದ ದಿನಕ್ಕೆ ಮೌನವಾದಳು. ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಹಾಡುವುದು ನಿಂತಿತು. ಅವಳು ಪ್ರಾರ್ಥನೆಗೆ ಮೊಣಕಾಲೂರಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ದೇವರು ಎಲ್ಲಿ ನನ್ನ ಹೆಸರು ಹೇಳಿಬಿಡುತ್ತಾನೋ ಎಂಬ ಅಂಜಿಕೆ.

ಬೇಸಿಗೆ ರಜೆ. ಒಂದು ಮಧ್ಯಾಹ್ನ ಅಕ್ಕ ಗ್ರಂಥ ತೆರೆದುಕೊಂಡು ನನ್ನೆದುರು ಬಂದು ಕುಳಿತಳು, ಕೈಯಲ್ಲಿ ಆ ಚೀಟಿ.

"ತಮ್ಮಾ, ಮನಸ್ಸು ನಿಲ್ಲವಲ್ದು. ಈ ವಚನದ ಹಿಂದ ಮುಂದ ಏನೈತಿ ಓದೋಣು ಅಂತ ತೆಗೆದೆ. ಈ ಅಧ್ಯಾಯದಾಗ ಹದಿನೆಂಟೇ ವಚನ ಅದಾವ. ನೀ ಇಪ್ಪತ್ತಮೂರು ಅಂತ ಬರ್ದಿ. ನಂಬರ್ ತಪ್ಪಿರಬೇಕು. ಸರಿಯಾದದ್ದು ಎಲ್ಲೈತಿ ಹುಡುಕಿಕೊಡು."

ಅವಳಿಗೆ ಅನುಮಾನವೇ ಇರಲಿಲ್ಲ. ಗ್ರಂಥವನ್ನು ತೊಡೆಯ ಮೇಲೆಳೆದುಕೊಂಡು ಹಾಳೆ ತಿರುವಿದೆ. ಹಿಂದಿನ ಅಧ್ಯಾಯ, ಮುಂದಿನ ಅಧ್ಯಾಯ. ಹೊರಗೆ ಕಬ್ಬಿನ ಗಾಡಿಗಳು ಹಾದುಹೋಗುತ್ತಿದ್ದವು. ನನ್ನ ಬೆವರು ಹಾಳೆಯ ಮೇಲೆ ಬಿತ್ತು. ಅಕ್ಕ ಕಾಯುತ್ತಿದ್ದಳು. ಅವಳು ಒಂದು ದಿನವಾದರೂ ನನ್ನನ್ನು ಗದರಿಸಿದ್ದರೆ ಸುಳ್ಳು ಹೇಳುವುದು ಸುಲಭವಾಗುತ್ತಿತ್ತು.

"ಇಲ್ಲ ಅಕ್ಕಾ," ಎಂದೆ. "ಎಲ್ಲೂ ಇಲ್ಲ. ನಾನೇ ಬರೆದೆ."

ಅಕ್ಕ ಗ್ರಂಥವನ್ನು ನನ್ನ ತೊಡೆಯಿಂದ ತೆಗೆದುಕೊಂಡು ಎದೆಗೊತ್ತಿಕೊಂಡಳು.

"ದೇವರ ಬಾಯಾಗ ನಿನ್ನ ಮಾತು ಹಾಕಿದೇನಲೇ?"

ಅವಳು ನನಗೆ 'ಲೇ' ಎಂದದ್ದು ಅದೇ ಮೊದಲು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ತನಗೆ ತಾನೇ ಎಂಬಂತೆ ಅಂದಳು: "ನನ್ನದೂ ತಪ್ಪೈತಿ. ಹುಲಿಗೆಮ್ಮನ ಬಾಯಿಲೆ ಆತ ಒಮ್ಮೆ ಹೇಳಿದ್ದ. ಕಿವಿಯಾರೆ ಕೇಳೀನಿ. ಸಾಲಲಿಲ್ಲ ಅಂತ ಚೀಟಿ ಕೇಳಿದೆ ನೋಡು."

ಮುಂದಿನ ತಿಂಗಳೇ ಹೊರಟಳು. ಹಾಸಿಗೆ, ಟ್ರಂಕು ಹೊತ್ತು ಸಂಡೂರಿನ ಬಸ್ಸಿನಲ್ಲಿ ನಾನೂ ಹೋದೆ. ಕೂಲಿಯವರ ಸಾಲಿನಲ್ಲಿ ಹುಲಿಗೆಮ್ಮನ ಗುಡಿಸಲಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಮುದುಕಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಅಂದಳು: "ಹುಲಿಗೆವ್ವ ಯುಗಾದಿಗಿಂತ ಮದ್ಲೇ ತೀರ್ಕೊಂಡ್ಳು. ಯಾರೋ ನರ್ಸಮ್ಮ ಬರ್ತಾಳ ಅಂತ, ಬಸ್ಸು ಬಂದಾಗೆಲ್ಲ ಎದ್ದು ಕುಂದ್ರತಿದ್ಲು."

ಅಕ್ಕ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಕೈಚೀಲ ನೆಲಕ್ಕಿಟ್ಟು, ಆ ಮುದುಕಿಯ ಕೈಹಿಡಿದು, "ನಿಮಗ ಕೆಮ್ಮು ಐತೇನ್ರಿ?" ಎಂದು ಕೇಳಿದಳು. ಅವಳ ಕೆಲಸ ಅಲ್ಲಿಂದ ಶುರುವಾಯಿತು. ಸಾಯುವವರೆಗೂ ಅದೇ ಸಾಲಿನಲ್ಲಿದ್ದಳು.

ಅವಳನ್ನು ಬಿಟ್ಟು ಅಂದು ವಾಪಸು ಬಸ್ಸು ಹತ್ತುವಾಗ, ಇನ್ನು ಚೀಟಿ ಬರೆಯುವುದಿಲ್ಲ ಎಂದು ಅವಳ ಮುಂದೆ ಆಣೆ ಇಟ್ಟೆ. "ಬರಿಯೋದು ಬಿಡಬ್ಯಾಡ," ಎಂದಳು. "ನಿಂದು ಸೇರಿಸಬ್ಯಾಡ, ಅಷ್ಟ." ಆದರೂ ಬಿಟ್ಟೆ. ಸಭೆಯವರಿಗೆ ಕಣ್ಣು ಮಂಜು ಎಂದು ನೆಪ ಹೇಳಿದೆ. ಹೊಸಪೇಟೆಯಿಂದ ಅಚ್ಚಿನ ಚೀಟಿ ಬರತೊಡಗಿದವು. ತಟ್ಟೆ ನನ್ನ ಸಾಲಿಗೆ ಬಂದಾಗ ಇಷ್ಟು ವರ್ಷವೂ ಚೀಟಿ ಎತ್ತದೆ ಪಕ್ಕದವರಿಗೆ ದಾಟಿಸಿದ್ದೇನೆ. ಹುಲಿಗೆಮ್ಮನ ಮುಖ ನಾನು ನೋಡಿದವನೇ ಅಲ್ಲ. ಆದರೂ ಅವಳು ಎದ್ದು ಕೂರುವುದು ಮಾತ್ರ ಕಾಣುತ್ತದೆ.

ಪ್ರೇಮಾ ಹೋದ ಮೇಲೆ ಬಹಳ ಹೊತ್ತು ಆ ಬಾಟಲಿಯನ್ನು ನೋಡುತ್ತ ಕುಳಿತೆ. ಮರುದಿನ ಬರೆಯಲು ಶುರು ಮಾಡಿದೆ. ಒಂದೊಂದು ಅಂಕಿಯನ್ನೂ ಮೂರು ಸಲ ತಾಳೆ ನೋಡಿದೆ. ಹತ್ತು ಚೀಟಿಗೆ ಒಂದು ದಿನ ಬೇಕಾಯಿತು. ಪ್ರೇಮಾ ದಿನಾ ಬಂದು, "ಇನ್ನೂ ಇಷ್ಟೇನ್ರಿ ಅಂಕಲ್?" ಎಂದು ಕಾಡಿದಳು.

ಇಂದು ಹೊಸ ವರ್ಷದ ಬೆಳಿಗ್ಗೆ ತಟ್ಟೆ ಹಿಡಿದವಳು ಅವಳೇ. ನನ್ನ ಮುಂದೆ ಬಂದಾಗ ದಾಟಿಸಲು ಕೈ ಎತ್ತಿದೆ, ಎತ್ತಿದ ಕೈ ನಿಂತಿತು. ಕಣ್ಣು ಮುಚ್ಚಿದೆ. ಬೆರಳಿಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಿಚ್ಚಿದೆ. ಎದ್ದು ಹೋಗು ಎನ್ನುವ ವಚನ. ಅಕ್ಕ ಇದ್ದ ಆ ಗುಡಿಸಲು ಸಾಲಿಗೆ ಹೋಗಲು ಸಂಡೂರಿನ ಬಸ್ಸು ಎಷ್ಟೊತ್ತಿಗೆ ಎಂದು ಪ್ರೇಮಾಳನ್ನು ಕೇಳಿದೆ. ಚೀಟಿಯ ಅಕ್ಷರ ನನ್ನದೇ. ಮಾತು ನನ್ನದಲ್ಲ.